ಜನ ಜಾಸ್ತಿ ಬಂದಷ್ಟೂ ಸೆಷನ್ ರೆಕಾರ್ಡಿಂಗ್ ಪ್ರಮಾಣ ಇಳಿಯುತ್ತಿದೆ, ಇದು ಸರೀನಾ?

ದುರ್ಗದ_ರೇಷ್ಮೆ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಮ್ಮದು ಮೊಳಕಾಲ್ಮೂರು ಸೀರೆ ವ್ಯಾಪಾರ. ಅಪ್ಪ ಅಂಗಡಿ ನೋಡಿಕೊಳ್ಳುತ್ತಾರೆ, ವೆಬ್‌ಸೈಟ್ ನನ್ನ ಪಾಲಿಗೆ. ಜನ ಎಲ್ಲಿ ಒತ್ತುತ್ತಾರೆ, ಎಲ್ಲಿಂದ ವಾಪಸ್ ಹೋಗುತ್ತಾರೆ ಅಂತ ನೋಡಲು ಒಂದು ಸೆಷನ್ ರೆಕಾರ್ಡಿಂಗ್ ಟೂಲ್ ಹಾಕಿದ್ದೇನೆ. ನಮ್ಮ ಪ್ಲಾನ್‌ನಲ್ಲಿ ದಿನಕ್ಕೆ 300 ರೆಕಾರ್ಡಿಂಗ್.

ಮಾಮೂಲಿ ದಿನ ಇನ್ನೂರೈವತ್ತು ಜನ ಬರುತ್ತಾರೆ, ಎಲ್ಲರದ್ದೂ ಸಿಗುತ್ತದೆ. ಶ್ರಾವಣದಲ್ಲಿ ಹಾಗಲ್ಲ. ವರಮಹಾಲಕ್ಷ್ಮಿ ಹಬ್ಬದ ವಾರ ದಿನಕ್ಕೆ ಎರಡು ಸಾವಿರ ದಾಟಿತು. ಬೆಳಗ್ಗೆ ಹನ್ನೊಂದಕ್ಕೇ ಕೋಟಾ ಖಾಲಿ. ಆದರೆ ನಮ್ಮ ಗಿರಾಕಿಗಳು ಸೀರೆ ನೋಡುವುದೇ ರಾತ್ರಿ ಊಟ ಆಗಿ, ಪಾತ್ರೆ ತೊಳೆದ ಮೇಲೆ. ಹೊಸದುರ್ಗದಿಂದ ಒಬ್ಬ ಅಮ್ಮ ಫೋನ್ ಮಾಡಿ, "ವಿಳಾಸ ಎಲ್ಲಾ ತುಂಬಿದೀನಿ ಕಣಮ್ಮ, ಮುಂದಕ್ಕೇ ಹೋಗ್ತಿಲ್ಲ" ಅಂದರು. ಆ ಹೊತ್ತಿನ ಒಂದೇ ಒಂದು ರೆಕಾರ್ಡಿಂಗೂ ನನ್ನ ಹತ್ತಿರ ಇರಲಿಲ್ಲ. ತುಂಬಾ ಬೇಜಾರಾಯಿತು.

ಆಮೇಲೆ ಸೆಟ್ಟಿಂಗ್‌ನಲ್ಲಿ 'ಅಡಾಪ್ಟಿವ್ ಸ್ಯಾಂಪ್ಲಿಂಗ್' ಆನ್ ಮಾಡಿದೆ. ಈಗ ರಾತ್ರಿಯದ್ದೂ ಬರುತ್ತಿದೆ. ಆದರೆ ರೆಕಾರ್ಡ್ ಆಗುವ ಪ್ರಮಾಣ ಬೆಳಗ್ಗೆ 50% ಅಂತ ತೋರಿಸುವುದು ರಾತ್ರಿ ಹೊತ್ತಿಗೆ 5%ಕ್ಕೆ ಇಳಿದಿರುತ್ತದೆ. ಯಾರದ್ದನ್ನು ಇಟ್ಟುಕೊಳ್ಳಬೇಕು, ಯಾರದ್ದನ್ನು ಬಿಡಬೇಕು ಅಂತ ಅದು ಹೇಗೆ ತೀರ್ಮಾನ ಮಾಡುತ್ತದೆ? ಸಿಕ್ಕಷ್ಟರಲ್ಲಿ ಲೆಕ್ಕ ಹಾಕಿದರೆ ಸರಿ ಇರುತ್ತದಾ? ಗೌರಿ ಹಬ್ಬ ಹತ್ತಿರ ಬಂತು, ಅಷ್ಟರೊಳಗೆ ಇದು ನನಗೆ ಅರ್ಥ ಆಗಬೇಕು.

ಮೆಕ್ಕೆಜೋಳ_ದಾವಣಗೆರೆ

ಟೂಲ್ ಸರಿಯಾಗೇ ಇದೆ ಮೇಡಂ. ನಾನು ಇಲ್ಲಿ ಎಪಿಎಂಸಿ ವರ್ತಕರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ, ಅಲ್ಲಿನ ಮಾತಲ್ಲೇ ಹೇಳುತ್ತೇನೆ. ಹತ್ತು ಚೀಲ ಜೋಳ ಬಂದರೆ ಹತ್ತಕ್ಕೂ ಚುಚ್ಚಿ ಕಾಳು ತೆಗೆದು ನೋಡಬಹುದು. ಲಾರಿಗಟ್ಟಲೆ ಬಂದಾಗ ಅಲ್ಲೊಂದು ಇಲ್ಲೊಂದು ಚೀಲ ಮಾತ್ರ. ಬರುವ ರಾಶಿ ನೋಡಿಕೊಂಡು 'ಎಷ್ಟಕ್ಕೊಂದು' ಅನ್ನುವುದನ್ನು ಬದಲಾಯಿಸುತ್ತಾ ಹೋಗುವುದೇ ಅಡಾಪ್ಟಿವ್.

ಒಳಗೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಸಂಜೆ ಆರಕ್ಕೆ ನಿಮ್ಮ ಕೋಟಾದಲ್ಲಿ 90 ಉಳಿದಿದೆ ಅಂದುಕೊಳ್ಳಿ. ಹಿಂದಿನ ದಿನಗಳನ್ನು ನೋಡಿದರೆ ಮಧ್ಯರಾತ್ರಿಯೊಳಗೆ ಇನ್ನೂ 900 ಜನ ಬರಬಹುದು. 90ನ್ನು 900ರಿಂದ ಭಾಗಿಸಿ, 10%. ಅದೇ ಆಗಿನ ದರ, ಅಂದರೆ ನೂರರಲ್ಲಿ ಹತ್ತು ಜನರದ್ದು ಮಾತ್ರ ರೆಕಾರ್ಡ್. ಎಂಟು ಗಂಟೆಗೆ ಅಂದಾಜು ಮೀರಿ ಜನ ನುಗ್ಗಿದರೆ ಮತ್ತೆ ಭಾಗಿಸಿ ದರ ಇಳಿಸುತ್ತದೆ. ಯಾರು ಅನ್ನುವುದು ಚೀಟಿ ಎತ್ತಿದ ಹಾಗೆ. ಒಂದು ಸೆಷನ್, ಅಂದರೆ ಒಬ್ಬರ ಒಂದು ಭೇಟಿ, ಶುರುವಾದಾಗ ಅದಕ್ಕೆ 0 ಮತ್ತು 1ರ ನಡುವೆ ಒಂದು ಸಂಖ್ಯೆ ಬೀಳುತ್ತದೆ. ಆಗಿನ ದರಕ್ಕಿಂತ (10% ಅಂದರೆ 0.1) ಅದು ಕಡಿಮೆ ಇದ್ದರೆ ರೆಕಾರ್ಡ್, ಇಲ್ಲದಿದ್ದರೆ ಇಲ್ಲ. ಆ ತೀರ್ಮಾನ ಸೆಷನ್ ಮುಗಿಯುವ ತನಕ ಬದಲಾಗಬಾರದು. ಪುಟಪುಟಕ್ಕೂ ಚೀಟಿ ಎತ್ತಿದರೆ ಸೀರೆ ನೋಡಿದ್ದು ಸಿಗುತ್ತದೆ, ದುಡ್ಡು ಕಟ್ಟಿದ್ದು ಸಿಗುವುದಿಲ್ಲ.

ಲೆಕ್ಕದಲ್ಲಿ ಮಾತ್ರ ದಯವಿಟ್ಟು ಹುಷಾರು. ಅರ್ಧಕ್ಕೆ ಬಿಟ್ಟು ಹೋದವರ ರೆಕಾರ್ಡಿಂಗ್ ಬೆಳಗ್ಗೆ 10, ರಾತ್ರಿ 6 ಸಿಕ್ಕಿವೆ ಅಂತಿಟ್ಟುಕೊಳ್ಳಿ. ಸುಮ್ನೆ ಎಣಿಸಿದರೆ ಬೆಳಗ್ಗೆಯೇ ತೊಂದರೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಬೆಳಗ್ಗೆ ದರ 50%. ಒಂದು ರೆಕಾರ್ಡಿಂಗ್ ಹಿಂದೆ ಇಬ್ಬರು. 10 ಅಂದರೆ 20 ಜನ. ರಾತ್ರಿ ದರ 5%. ಒಂದರ ಹಿಂದೆ ಇಪ್ಪತ್ತು ಜನ. 6 ಅಂದರೆ ಸುಮಾರು 120 ಜನ! ಹಾರ್ವಿಟ್ಜ್, ಥಾಂಪ್ಸನ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1952ರಲ್ಲೇ ಬರೆದಿಟ್ಟ ದಾರಿ ಇದು: ಯಾವ ದರದಲ್ಲಿ ಆರಿಸಿದಿರೋ ಆ ದರದಿಂದಲೇ ಭಾಗಿಸಿ. ಹಾಗಾಗಿ ಪ್ರತಿ ರೆಕಾರ್ಡಿಂಗ್ ಜೊತೆ ಆಗಿನ ದರವನ್ನೂ ಟೂಲ್ ಇಟ್ಟಿದೆಯಾ ನೋಡಿ. ಇಟ್ಟಿಲ್ಲದಿದ್ದರೆ ಅದನ್ನು ನೋಡಿ ಕಲಿಯಲು ಮಾತ್ರ ಬಳಸಿ, ಎಣಿಕೆಗೆ ಬೇಡ. ಆರು ಅನ್ನುವುದೂ ಸಣ್ಣ ಸಂಖ್ಯೆ, 120ನ್ನು ಅಂದಾಜು ಅಂತಲೇ ತಿಳಿಯಿರಿ.

ರಾತ್ರಿಪಾಳಿ

ಇನ್ನೊಂದು ದಾರಿಯೂ ಇದೆ. ಬ್ರೌಸರ್ ಒಳಗೇ ಕೊನೆಯ ಒಂದು ನಿಮಿಷದ್ದನ್ನು ಇಟ್ಟುಕೊಂಡಿದ್ದು, ಎರರ್ ಬಂದರೆ ಮಾತ್ರ ಸರ್ವರ್‌ಗೆ ಕಳಿಸುವುದು. ಸೆಂಟ್ರಿ ಅನ್ನುವ ಎರರ್ ಹಿಡಿಯುವ ಟೂಲ್‌ನಲ್ಲಿ ಇದಕ್ಕೇ ಎರಡು ಬೇರೆ ದರ ಕೊಡಬಹುದು, ಎಲ್ಲಾ ಸೆಷನ್‌ಗೆ ಒಂದು, ಎರರ್ ಬಂದದ್ದಕ್ಕೆ ಒಂದು. ಎರಡನ್ನೂ ಬೆರೆಸಿ ಎಣಿಸಬೇಡಿ, ಸೈಟ್ ಪೂರ್ತಿ ಹಾಳಾಗಿದೆ ಅನ್ನಿಸಿಬಿಡುತ್ತದೆ.

ಇವು ವಿಡಿಯೋ ಅಲ್ಲ ಅನ್ನುವುದೂ ನೆನಪಿರಲಿ. ಆರ್‌ಆರ್‌ವೆಬ್ (rrweb) ತರಹದ, ಇಂಥ ರೆಕಾರ್ಡಿಂಗ್ ಮಾಡುವ ಕೋಡ್ ಲೈಬ್ರರಿ ಮೊದಲು ಪುಟದ ಒಂದು ಪ್ರತಿ ತೆಗೆದುಕೊಂಡು, ಆಮೇಲೆ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಗಿರಾಕಿ ಟೈಪ್ ಮಾಡಿದ್ದೂ ಅದರಲ್ಲಿ ಬರಬಹುದು. ಫೋನ್ ನಂಬರ್, ವಿಳಾಸ, ಪಿನ್‌ಕೋಡ್ ಎಲ್ಲಾ ನಕ್ಷತ್ರವಾಗಿ ಕಾಣುವ ಹಾಗೆ ಮುಚ್ಚಿದ್ದೀರಿ ತಾನೆ?

ದುರ್ಗದ_ರೇಷ್ಮೆ

ಮುಚ್ಚಿದ್ದೇನೆ ಸರ್. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿಯ ರೆಕಾರ್ಡಿಂಗ್‌ಗಳನ್ನೇ ಕೂತು ನೋಡಿದೆ. ಮೂರರಲ್ಲಿ ಒಂದೇ ಕಥೆ. ಪಿನ್‌ಕೋಡ್ ಬಾಕ್ಸ್‌ನಲ್ಲಿ ಆರು ನಕ್ಷತ್ರ ಬೀಳುತ್ತವೆ. 'ಮುಂದೆ' ಬಟನ್ ಬೂದು ಬಣ್ಣದಲ್ಲೇ ಇರುತ್ತದೆ. ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಆರನ್ನೂ ಅಳಿಸಿ ಮತ್ತೆ ತುಂಬುತ್ತಾರೆ. ಆಮೇಲೆ ಹೊರಟುಹೋಗುತ್ತಾರೆ. ಎರರ್ ಏನೂ ಬಂದಿಲ್ಲ, ಅದಕ್ಕೆ ಎರರ್ ನಿಯಮ ಒಂದೇ ಇಟ್ಟಿದ್ದರೆ ಇವು ಸಿಗುತ್ತಲೇ ಇರಲಿಲ್ಲ.

ನಕ್ಷತ್ರದ ಹಿಂದೆ ಏನಿದೆ ಅಂತ ತಿಳಿಯಲಿಲ್ಲ. ಹೊಸದುರ್ಗದ ಅಮ್ಮನಿಗೇ ಫೋನ್ ಮಾಡಿ ಸ್ಕ್ರೀನ್‌ಶಾಟ್ ಕೇಳಿದೆ. ಮಗನ ಕೈಲಿ ವಾಟ್ಸಾಪ್ ಮಾಡಿಸಿದರು. ಪಿನ್‌ಕೋಡ್ ೫೭೭ ಅಂತ ಶುರುವಾಗಿತ್ತು! ಅವರ ಫೋನಿನ ಕೀಬೋರ್ಡ್ ಕನ್ನಡದ್ದು. ನಾನು ಬರೆದ ತಪಾಸಣೆ 0ಯಿಂದ 9ರ ತನಕದ ಇಂಗ್ಲಿಷ್ ಅಂಕಿ ಮಾತ್ರ ಒಪ್ಪುತ್ತಿತ್ತು. ಕನ್ನಡ ಸೈಟ್ ಮಾಡಿ ಕನ್ನಡದ ಅಂಕಿಯನ್ನೇ ಬಾಗಿಲಲ್ಲಿ ನಿಲ್ಲಿಸಿದ್ದೆ. ಈಗ ಕನ್ನಡ ಅಂಕಿ ಬಂದರೆ ಒಳಗೇ ಬದಲಾಯಿಸಿಕೊಳ್ಳುತ್ತದೆ.

ಮೆಕ್ಕೆಜೋಳ_ದಾವಣಗೆರೆ

ಒಳ್ಳೇದಾಯಿತು. ಫೋನ್ ನಂಬರ್ ಬಾಕ್ಸನ್ನೂ ಒಮ್ಮೆ ನೋಡಿ, ಅಲ್ಲೂ ಅದೇ ತಪಾಸಣೆ ಇರಬಹುದು.

ದುರ್ಗದ_ರೇಷ್ಮೆ

ಇತ್ತು ಸರ್. ಈಗ ತಾನೇ ಸರಿ ಮಾಡಿದೆ.