ಪದಚರ್ಚೆ: ಮೈನರ್ ಮಾಡಿದ ಕರಾರು ರದ್ದಾಗುವುದೋ, ಶೂನ್ಯವೋ?

ಮಾನ್ಯರೆ,

ಮೈನರ್, ಅಂದರೆ ಹದಿನೆಂಟು ತುಂಬದವರು, ತಾವು ಮಾಡಿದ ಕರಾರನ್ನು ಒಲ್ಲೆನೆನ್ನುವುದಕ್ಕೆ ಕನ್ನಡದಲ್ಲಿ ‘ರದ್ದುಪಡಿಸು’ ಎನ್ನಬೇಕೋ, ‘ರದ್ದು’ ಅರಬ್ಬಿ ಮೂಲದ್ದಾದ್ದರಿಂದ ‘ಒಪ್ಪುಮುರಿತ’ ಎನ್ನಬೇಕೋ ಎಂದು ಕೇಳಿದ್ದೀರಿ. ಶಿರಸಿಯ ಕಾನೂನು ಅರಿವು ಶಿಬಿರದ ಕರಪತ್ರ ನಾಳೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ಮೊದಲು ಉತ್ತರವನ್ನೇ ಹೇಳಿಬಿಡುತ್ತೇನೆ. ‘ಅಪ್ರಾಪ್ತವಯಸ್ಕರಿಗೆ ತಾವು ಮಾಡಿದ ಕರಾರನ್ನು ರದ್ದುಪಡಿಸುವ ಹಕ್ಕಿದೆ’ ಎಂಬ ತಲೆಬರಹವನ್ನು ದಯವಿಟ್ಟು ಹಾಕಬೇಡಿ. ತಾವು ಅನುವಾದಿಸುತ್ತಿರುವ ಬರಹ ಅಮೆರಿಕದ ಕಾನೂನನ್ನು ಹೇಳುತ್ತದೆ. ಅಲ್ಲಿ ಮೈನರ್ ಒಲ್ಲೆನೆನ್ನುವವರೆಗೂ ಕರಾರಿಗೆ ಜೀವವಿರುತ್ತದೆ. ನಮ್ಮಲ್ಲಿ ಹಾಗಿಲ್ಲ. 1872ರ ಕರಾರು ಕಾಯ್ದೆಯ 11ನೆಯ ಕಲಮನ್ನು ಆಧರಿಸಿ, ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿಯ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ, ಮೋಹರಿ ಬೀಬಿ ಮೊಕದ್ದಮೆಯಲ್ಲಿ, ಅಂಥ ಕರಾರು ಹುಟ್ಟಿನಿಂದಲೇ ಶೂನ್ಯ, ಅಂದರೆ ಕಾನೂನಿನ ಕಣ್ಣಿಗೆ ಕರಾರೇ ಅಲ್ಲ, ಎಂದು ತೀರ್ಪಿತ್ತಿತು. ಶೂನ್ಯವಾದದ್ದನ್ನು ಯಾರೂ ರದ್ದುಪಡಿಸಬೇಕಾಗಿಲ್ಲ.

‘ಒಪ್ಪುಮುರಿತ’ ಸಲ್ಲದು. ಕರಾರು ಮುರಿದವನು ನಷ್ಟ ತುಂಬಿಕೊಡಬೇಕಾದವನು. ಕಾನೂನೇ ಕಾಪಾಡುತ್ತಿರುವ ಹುಡುಗನ ತಲೆಗೆ ಆ ಪದ ತಪ್ಪನ್ನು ಕಟ್ಟುತ್ತದೆ. ‘ರದ್ದು’ ಅರಬ್ಬಿ ಮೂಲದ್ದೆಂಬ ಆಕ್ಷೇಪವೂ ನಿಲ್ಲುವುದಿಲ್ಲ. ‘ಕರಾರು’, ‘ವಕೀಲ’ ಎರಡೂ ಅರಬ್ಬಿಯವು, ‘ದಸ್ತಾವೇಜು’ ಪಾರಸಿಯದು. ಕಾರವಾರದ ಕಚೇರಿಯೆದುರು ಕಾಗದ ಬರೆಸಲು ಕುಳಿತವರು ಇವನ್ನೆಲ್ಲ ತಮ್ಮ ಮನೆಮಾತೆಂದೇ ಆಡುತ್ತಾರೆ.

‘ರದ್ದುಪಡಿಸು’ ಎಂಬುದಕ್ಕೆ ತಕ್ಕ ಜಾಗ ನಮ್ಮ ಕಾನೂನಿನಲ್ಲಿಯೂ ಇದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೆಯ ಕಲಮಿನಂತೆ, ತಂದೆಯಾಗಲಿ ತಾಯಿಯಾಗಲಿ ಕೋರ್ಟಿನ ಅನುಮತಿ ಪಡೆಯದೆ ಮಗುವಿನ ಸ್ಥಿರಾಸ್ತಿಯನ್ನು ಮಾರಿದರೆ ಆ ಕ್ರಯ ಶೂನ್ಯವಾಗದು. ಮಗು ಪ್ರಾಯಕ್ಕೆ ಬಂದ ಮೂರು ವರ್ಷದೊಳಗೆ ಬೇಡವೆಂದರೆ ಮಾತ್ರ ರದ್ದಾಗುತ್ತದೆ. ನನ್ನ ತಂದೆಯವರಿಗೆ ಒಂಬತ್ತು ವರ್ಷವಿದ್ದಾಗ, ಅವರ ಪಾಲಿಗೆ ಬಂದಿದ್ದ ಕುಮಟಾ ಕಡೆಯ ಗಜನಿ ಗದ್ದೆಯನ್ನು (ಉಪ್ಪುನೀರು ನುಗ್ಗುವ ಕರಾವಳಿಯ ಗದ್ದೆ) ಅಜ್ಜಿ ಹೀಗೆಯೇ ಮಾರಿದ್ದರು. ‘ಮೈನರ್ ವ್ಯವಹಾರವೆಲ್ಲ ಶೂನ್ಯ, ನಿನ್ನ ಗದ್ದೆ ಎಲ್ಲಿಗೂ ಹೋಗುವುದಿಲ್ಲ’ ಎಂದು ಬಲ್ಲವರೊಬ್ಬರು ಹೇಳಿದ್ದನ್ನು ನಂಬಿ ತಂದೆಯವರು ಸುಮ್ಮನಿದ್ದರು. ಕ್ರಯಪತ್ರ ಹಿಡಿದು ವಕೀಲರ ಬಳಿಗೆ ಹೋದಾಗ ತಂದೆಯವರಿಗೆ ಇಪ್ಪತ್ತಾರು; ಮೂರು ವರ್ಷದ ಗಡುವು ಎಂದೋ ಮುಗಿದಿತ್ತು. ಕಗ್ಗ ಭತ್ತ ಬೆಳೆಯುತ್ತಿದ್ದ ಆ ಗದ್ದೆಯಲ್ಲಿ ಈಗ ಯಾರೋ ಸಿಗಡಿ ಸಾಕುತ್ತಿದ್ದಾರೆ. ‘ಶೂನ್ಯ’, ‘ರದ್ದು’ ಎಂಬ ಈ ಎರಡು ಪದಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸಿದ್ದನ್ನು ಕಂಡಾಗಲೆಲ್ಲ ನನಗೆ ಸುಮ್ಮನಿರಲಾಗದು.

ಆದುದರಿಂದ ಕರಪತ್ರದಲ್ಲಿ ಹೀಗಿರಲಿ: ‘ಹದಿನೆಂಟು ತುಂಬದವರು ಮಾಡಿದ ಕರಾರು ಮೊದಲಿನಿಂದಲೇ ಶೂನ್ಯ. ಆದರೆ ಹಿಂದೂ ಕುಟುಂಬದಲ್ಲಿ ತಂದೆ ಅಥವಾ ತಾಯಿ ಕೋರ್ಟಿನ ಅನುಮತಿಯಿಲ್ಲದೆ ನಿಮ್ಮ ಸ್ಥಿರಾಸ್ತಿಯನ್ನು ಮಾರಿದ್ದರೆ, ನಿಮಗೆ ಇಪ್ಪತ್ತೊಂದು ತುಂಬುವುದರೊಳಗೆ ದಾವೆ ಹೂಡಿ ಆ ಕ್ರಯವನ್ನು ರದ್ದುಪಡಿಸಬಹುದು.’ ಅಮೆರಿಕದ ಮಾತನ್ನು ಹೇಳಲೇಬೇಕಾದಲ್ಲಿ ‘ಒಲ್ಲೆನೆನ್ನುವ ಹಕ್ಕು’ ಎಂದು ಬರೆಯಿರಿ. ‘ಅಲ್ಲಗಳೆಯುವ ಹಕ್ಕು’ ಎಂದರೆ ಸಹಿಯನ್ನೇ ಹಾಕಿಲ್ಲವೆಂದು ವಾದಿಸಿದಂತಾಗುತ್ತದೆ.

ಇನ್ನೊಂದು ಕೋರಿಕೆ. ಆ ಕ್ರಯಪತ್ರದಲ್ಲಿ ತಂದೆಯವರ ಹೆಸರಿನ ಹಿಂದೆ ‘ಅಜ್ಞಾನ’ ಎಂದು ಬರೆದಿದೆ. ಮರಾಠಿಯಲ್ಲಿ ಮೈನರ್‌ಗೆ ಇಂದಿಗೂ ಇದೇ ಪದವಿದ್ದು, ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದಾಗ ಇಲ್ಲಿ ನೆಲೆಯೂರಿರಬೇಕು. ಈಗ ಅದನ್ನು ಬಳಸಿದರೆ ಓದುವವರು ತಿಳಿಗೇಡಿಯೆಂದೇ ಅರ್ಥಮಾಡಿಕೊಂಡಾರು. ಘಟ್ಟದ ಮೇಲಿನ ಹಳೆಯ ಕಾಗದಗಳಲ್ಲಿ ಇದಕ್ಕೆ ಬೇರೆ ಪದವನ್ನು ಕಂಡವರಿದ್ದರೆ, ಅದು ಬಂದಿರುವ ಪೂರ್ಣ ವಾಕ್ಯದೊಂದಿಗೆ ತಿಳಿಸಬೇಕು.