ರಕ್ತನಾಳಗಳನ್ನು ಕೈಯಿಂದಲೇ ಕಲಿಯುವುದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದವರು: ಬಿ.ವಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಪಶುವೈದ್ಯಕೀಯ ಮೊದಲ ವರ್ಷ ಓದುತ್ತಿದ್ದೇನೆ. ಮೂಳೆ, ಸ್ನಾಯು ಹೇಗೋ ದಾಟಿದೆ. ಆಂಜಿಯಾಲಜಿ, ಅಂದರೆ ರಕ್ತನಾಳಗಳ ಪಾಠ ಶುರುವಾದ ಮೇಲೆ ಏನೂ ತಲೆಗೆ ಹತ್ತುತ್ತಿಲ್ಲ. ಡಿಸೆಕ್ಷನ್ (ದೇಹ ಕೊಯ್ದು ಕಲಿಯುವ) ಟೇಬಲ್ ಸುತ್ತ ತುಂಬಾ ಜನ, ನನ್ನ ಕೈಗೆ ಫೋರ್ಸೆಪ್ಸ್ ಸಿಗುವುದೇ ಅಪರೂಪ. ಸಿಕ್ಕರೂ ಕೆಡದಂತೆ ಫಾರ್ಮಲಿನ್ ಹಾಕಿದ ದೇಹದಲ್ಲಿ ಆರ್ಟರಿ (ಗುಂಡಿಗೆಯಿಂದ ರಕ್ತ ಒಯ್ಯುವ ನಾಳ), ವೇನ್ (ಗುಂಡಿಗೆಗೆ ರಕ್ತ ತರುವ ನಾಳ), ನರ್ವ್ (ನರ) ಎಲ್ಲ ಒಂದೇ ಬೂದು ಬಣ್ಣ. ಕವಲುಗಳ ಪಟ್ಟಿ ಬಾಯಿಪಾಠ ಮಾಡಿದರೆ ಮರುದಿನಕ್ಕೆ ಮರೆತು ಹೋಗಿರುತ್ತದೆ. ಮಟನ್ ಅಂಗಡಿಯಿಂದ ಏನಾದರೂ ತಂದು ಕಲಿಯಬಹುದಾ? ಏನು ತರಬೇಕು, ಎಲ್ಲಿಂದ ಶುರು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಹಳ್ಳಿ ಕಡೆ ಕೆಲಸ ಮಾಡುವ ಪಶುವೈದ್ಯ

ಖಂಡಿತ ಕಲಿಯಬಹುದು ತಂಗಿ. ನನ್ನ ಕೇಳಿದರೆ ರಕ್ತನಾಳ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಪುಸ್ತಕದಲ್ಲಿ ಹೆಸರು ಮೊದಲು ಬರುತ್ತದೆ, ನಾಳ ಆಮೇಲೆ. ನೀನು ಅದನ್ನು ಉಲ್ಟಾ ಮಾಡು. ಮೊದಲು ನಾಳವನ್ನು ಅದು ಹುಟ್ಟುವ ಜಾಗದಲ್ಲೇ ಹಿಡಿ, ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೂ ಬೆರಳು ಬಿಡದೆ ಹೋಗು, ಹೆಸರು ಕೊನೆಗೆ ನೋಡಿಕೋ. ಹಾಗೆ ಕಲಿತದ್ದು ಮರೆಯುವುದಿಲ್ಲ.

ಅಂಗಡಿಯಲ್ಲಿ ಹೇಗೆ ಕೇಳುತ್ತೀಯ ಅನ್ನೋದು ಮುಖ್ಯ. ಸುಮ್ನೆ ಗುಂಡಿಗೆ ಕೊಡಿ ಅಂದರೆ ಮೇಲಿನ ನಾಳಗಳನ್ನೆಲ್ಲ ಬುಡಕ್ಕೇ ಕತ್ತರಿಸಿ, ಸೀಳಿ, ತೊಳೆದು ಕೊಡುತ್ತಾರೆ. ಅಡುಗೆಗೆ ಅದು ಸರಿ, ನಿನಗೆ ಅದರಿಂದ ಪ್ರಯೋಜನ ಇಲ್ಲ. ಬೆಳಿಗ್ಗೆ ಕುರಿ ಕೊಯ್ಯುವ ಹೊತ್ತಿಗೇ ಹೋಗಿ, ಗಂಟಲ ಕೊಳವೆ, ಶ್ವಾಸಕೋಶ, ಗುಂಡಿಗೆ, ಲಿವರ್ ಎಲ್ಲ ಬಿಡಿಸದೆ ಒಂದೇ ಗೊಂಚಲಾಗಿ ಬೇಕು, ಬೆನ್ನುಮೂಳೆಗೆ ಅಂಟಿಕೊಂಡ ದೊಡ್ಡ ನಾಳವನ್ನೂ ಎಷ್ಟು ಉದ್ದ ಆಗುತ್ತೋ ಅಷ್ಟು ಜೊತೆಗೇ ತೆಗೆದುಕೊಡಿ ಅಂತ ಹೇಳು. ಕಾಲೇಜಿನ ಓದಿಗೆ ಅಂದರೆ ಬಹಳ ಜನ ಅಕ್ಕರೆಯಿಂದ ಮಾಡಿಕೊಡುತ್ತಾರೆ. ಭಾನುವಾರ ಮಾತ್ರ ಹೋಗಬೇಡ, ಅವತ್ತು ಅವರಿಗೆ ಪುರುಸೊತ್ತೇ ಇರುವುದಿಲ್ಲ.

ಟ್ರೇಯಲ್ಲಿ ಇಟ್ಟ ತಕ್ಷಣ ಕತ್ತರಿ ಎತ್ತಬೇಡ. ಮೊದಲು ಬರೀ ಬೆರಳು. ಗೋಡೆ ದಪ್ಪ, ಕತ್ತರಿಸಿದ ಬಾಯಿ ದುಂಡಗೆ ತೆರೆದೇ ಇರುತ್ತದೆ, ಎಳೆದು ಬಿಟ್ಟರೆ ಪಟ್ಟನೆ ವಾಪಸ್ ಹೋಗುತ್ತದೆ ಅಂದರೆ ಅದು ಆರ್ಟರಿ. ವೇನ್ ಗೋಡೆ ತೆಳು, ಒಳಗೆ ರಕ್ತ ಇಲ್ಲದಿದ್ದರೆ ಚಪ್ಪಟೆಯಾಗಿ ಬಿದ್ದಿರುತ್ತದೆ. ನರ್ವ್ ಬೆಳ್ಳಗಿದ್ದು ಒಳಗೆ ತೂತೇ ಇರುವುದಿಲ್ಲ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಇವು ಮೂರೂ ಬೇರೆ ಬೇರೆ ಅಂತ ಗೊತ್ತಾಗಬೇಕು. ಹಸಿ ಅಂಗಾಂಗದಲ್ಲಿ ಇದನ್ನು ಕಲಿತರೆ, ನಿಮ್ಮ ಕಾಲೇಜಿನ ಬೂದು ದೇಹದಲ್ಲೂ ಬೆರಳಿಗೆ ಸಿಗುತ್ತದೆ.

ಆಮೇಲೆ ಗುಂಡಿಗೆಯ ಬುಡದ ಕೊಬ್ಬು ಬಿಡಿಸು. ಕತ್ತರಿಯ ಮೊನೆ ಮುಚ್ಚಿಕೊಂಡೇ ಒಳಗೆ ತೂರಿಸಿ, ಅಲ್ಲಿ ಅಗಲ ಮಾಡಬೇಕು. ಯಾವಾಗಲೂ ನಾಳದ ಉದ್ದಕ್ಕೆ, ಅಡ್ಡಕ್ಕೆ ಅಲ್ಲ. ಗುಂಡಿಗೆಯಿಂದ ಹೊರಡುವ ಅತಿ ದೊಡ್ಡ ಆರ್ಟರಿ ಅಯೋರ್ಟ. ಅದು ಹೊರಗೆ ಬಂದು ಬಾಗುವ ಕಡೆ ನೋಡು, ಅಲ್ಲಿಂದ ಮುಂದಕ್ಕೆ ಹೊರಡುವ ದೊಡ್ಡ ಕವಲು ಒಂದೇ ಒಂದು. ಅದೇ ಬ್ರೇಕಿಯೋಸೆಫಾಲಿಕ್ ಟ್ರಂಕ್. ಎರಡು ಮುಂಗಾಲಿಗೂ, ತಲೆಗೂ ಹೋಗುವ ರಕ್ತವೆಲ್ಲ ಕುರಿ, ಮೇಕೆ, ಹಸುವಿನಲ್ಲಿ ಅದರ ಮೂಲಕವೇ ಹೋಗಬೇಕು. ನಾಯಿ, ಹಂದಿಯಲ್ಲಿ ಅಲ್ಲಿ ಎರಡು ಕವಲು, ಮನುಷ್ಯರಲ್ಲಿ ಸಾಮಾನ್ಯವಾಗಿ ಮೂರು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನು ಕೇಳದ ಪರೀಕ್ಷಕರು ಕಡಿಮೆ.

ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಟ್ರಂಕ್ ಮತ್ತು ಅಯೋರ್ಟವನ್ನು ಒಂದೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಅಗಲಿಸು. ನಡುವೆ ಗಟ್ಟಿಯಾದ ಒಂದು ಗಿಡ್ಡ ಹುರಿ ಬೆರಳಿಗೆ ತಡೆಯುತ್ತದೆ. ಮರಿ ಹೊಟ್ಟೆಯಲ್ಲಿದ್ದಾಗ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಹೆಚ್ಚಿನ ಪಾಲು ಅಯೋರ್ಟಕ್ಕೆ ದಾಟುತ್ತಿದ್ದ ದಾರಿ ಅದು, ಹುಟ್ಟಿದ ಮೇಲೆ ಮುಚ್ಚಿ ಹೀಗೆ ಉಳಿದಿದೆ. ಎಡಗಡೆಯಲ್ಲೇ ಇನ್ನೊಂದು ತೆಳು ಗೋಡೆಯ ನಾಳ ಅಯೋರ್ಟದ ಪಕ್ಕದಿಂದ ಇಳಿದು ಗುಂಡಿಗೆಯ ಹಿಂಭಾಗಕ್ಕೆ ಹೋಗುತ್ತದೆ, ಕಟುಕರ ಕತ್ತಿಗೆ ಸಿಕ್ಕಿರದಿದ್ದರೆ. ಅದು ಎಡ ಅಜೈಗಸ್ ವೇನ್. ಅದರೊಳಗೆ ಒಂದು ತೆಳು ಪ್ಲಾಸ್ಟಿಕ್ ನಳಿಗೆ ತೂರಿಸಿದರೆ ಕೊರೋನರಿ ಸೈನಸ್ (ಗುಂಡಿಗೆಯ ಗೋಡೆಯ ವೇನ್ ರಕ್ತ ಬಂದು ಸೇರುವ ನಾಳ) ಮೂಲಕ ಬಲ ಏಟ್ರಿಯಂ (ಮೇಲಿನ ಕೋಣೆ) ಒಳಗೆ ತುದಿ ಕಾಣಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿಬಿಡುವ ವಿಷಯ ಇದು. ಆ ತುದಿ ಹೊರಗೆ ಬರುವುದನ್ನು ಒಮ್ಮೆ ಕಂಡ ಮೇಲೆ ಓದುವ ಅಗತ್ಯವೇ ಇರುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾಳೆ ಕರು ಹಾಕಿದ ಹಸು ಕ್ಯಾಲ್ಸಿಯಂ ಕಡಿಮೆಯಾಗಿ ನೆಲ ಹಿಡಿದಿರುತ್ತದೆ, ಸುತ್ತ ಮನೆಯವರೆಲ್ಲ ನಿಂತಿರುತ್ತಾರೆ, ರಾತ್ರಿ, ಟಾರ್ಚ್ ಬೆಳಕು. ಕತ್ತಿನ ತೋಡಿನಲ್ಲಿ ಹೆಬ್ಬೆರಳು ಒತ್ತಿ ಜುಗುಲರ್ ವೇನ್ ಉಬ್ಬಿಸಿ ಸೂಜಿ ಹಾಕಬೇಕು. ಅದರ ಒಳಗಡೆ ಆಳದಲ್ಲಿ ಕೆರೋಟಿಡ್ ಆರ್ಟರಿ ಇದೆ. ಔಷಧಿ ಅಲ್ಲಿಗೆ ಹೋದರೆ ನೇರ ಮೆದುಳಿಗೆ, ಪ್ರಾಣಿ ಒದ್ದಾಡಿ ಬೀಳುತ್ತದೆ. ಆ ಹೊತ್ತಿಗೆ ನೆರವಿಗೆ ಬರುವುದು ಬೆರಳಿನ ನೆನಪು.

ಉತ್ತರ: ಪ್ರಾಣಿಶಾಸ್ತ್ರ ಕಲಿಸಿದ ನಿವೃತ್ತ ಉಪನ್ಯಾಸಕಿ

ಡಾಕ್ಟರು ಹೇಳಿದ್ದು ಸರಿಯಾಗಿದೆ ಮಗು. ನಾವು ಓದುವಾಗ ರಕ್ತನಾಳ ಅಂದರೆ ಕಪ್ಪೆ. ಮೇಣದ ತಟ್ಟೆಯಲ್ಲಿ ಪಿನ್ ಚುಚ್ಚಿ, ಕೆರೋಟಿಡ್, ಸಿಸ್ಟಮಿಕ್, ಪಲ್ಮೋಕ್ಯುಟೇನಿಯಸ್ ಅಂತ ಮೂರು ಕಮಾನು ಬಿಡಿಸಿ ತೋರಿಸಬೇಕಿತ್ತು. ಹೊಲ ಗದ್ದೆಯಿಂದ ಹಿಡಿದು ತಂದ ಕಪ್ಪೆಗಳು ಎಷ್ಟು ಹೋದವೋ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2011ರಲ್ಲಿ ಡಿಸೆಕ್ಷನ್ ಕಡಿಮೆ ಮಾಡಿ ಅಂತ ಮಾರ್ಗಸೂಚಿ ಕೊಟ್ಟಿತು, 2014ರಲ್ಲಿ ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಒಳ್ಳೆಯದೇ ಆಯ್ತು ಅನ್ನುವವಳು ನಾನು. ಪದವಿ ಕಾಲೇಜಿನ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಕಪ್ಪೆ ಹಿಡಿಯಲು ಹೋಗಬೇಡಿ. ಊಟಕ್ಕೆಂದು ಹೇಗೂ ಕೊಯ್ದ ಕುರಿಯ ಗುಂಡಿಗೆ ಇರುವಾಗ ಕಲಿಯುವುದಕ್ಕೆ ಇನ್ನೊಂದು ಜೀವ ಬೇಕಿಲ್ಲ.

ಗುಂಡಿಗೆಗೇ ರಕ್ತ ಕೊಡುವ ಕೊರೋನರಿ ಆರ್ಟರಿಗಳಿಗೆ ಬಣ್ಣ ತುಂಬುವುದನ್ನು ಹೇಳುತ್ತೇನೆ. ಬೇಕಾದದ್ದು ಜೆಲಟಿನ್ ಪುಡಿ, ಕೆಂಪು ಪೋಸ್ಟರ್ ಕಲರ್, ಸೂಜಿ ಇಲ್ಲದ ದೊಡ್ಡ ಸಿರಿಂಜ್, ಹತ್ತಿ ದಾರ. ಕೇಸರಿಬಾತಿಗೆ ಹಾಕುವ ಬಣ್ಣ ಬೇಡ. ಅದು ನೀರಿನಲ್ಲಿ ಪೂರ್ತಿ ಕರಗುವುದರಿಂದ ಗೋಡೆ ದಾಟಿ ಮಾಂಸವೆಲ್ಲ ಕೆಂಪಾಗುತ್ತದೆ. ಪೋಸ್ಟರ್ ಕಲರಿನ ಕಣ ನಾಳದ ಒಳಗೇ ನಿಲ್ಲುತ್ತದೆ.

ಮೊದಲು ಗುಂಡಿಗೆಯನ್ನು ಅಮುಕಿ ಅಮುಕಿ ತೊಳೆದು ಹೆಪ್ಪು ತೆಗೆಯಿರಿ. ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಡಿ, ಇಲ್ಲದಿದ್ದರೆ ಜೆಲಟಿನ್ ಅರ್ಧ ದಾರಿಯಲ್ಲೇ ಗಟ್ಟಿಯಾಗುತ್ತದೆ. ಬಿಸಿ ನೀರಿನಲ್ಲಿ ಕರಗಿಸಿ ಬಣ್ಣ ಬೆರೆಸಿದ ಜೆಲಟಿನ್ ತುಂಬಿದ ಸಿರಿಂಜಿನ ಮೂತಿಯನ್ನು ಅಯೋರ್ಟದೊಳಗೆ ಇಳಿಸಿ ದಾರದಿಂದ ಬಿಗಿದು, ಪಕ್ಕದ ದೊಡ್ಡ ಕವಲನ್ನೂ ಕಟ್ಟಿಬಿಡಿ. ಈಗ ನಿಧಾನಕ್ಕೆ ಒತ್ತಿ. ದ್ರವ ಗುಂಡಿಗೆಯ ಕಡೆಗೆ ಹಿಂದಕ್ಕೆ ನುಗ್ಗಿದ ಕೂಡಲೇ ಅಯೋರ್ಟಿಕ್ ವಾಲ್ವಿನ (ಅಯೋರ್ಟದ ಬುಡದ ಕವಾಟದ) ಮೂರು ಬಟ್ಟಲು ತುಂಬಿ ಮುಚ್ಚಿಕೊಳ್ಳುತ್ತವೆ. ಕವಾಟದ ಸ್ವಲ್ಪ ಮೇಲೆಯೇ ಕೊರೋನರಿಗಳ ಬಾಯಿ ಇದೆ. ಬೇರೆ ದಾರಿ ಇಲ್ಲದ್ದಕ್ಕೆ ಬಣ್ಣ ಅಲ್ಲಿಗೇ ಹೋಗಬೇಕು. ಕೊಬ್ಬಿನ ಕೆಳಗೆ ಒಂದು ಕೆಂಪು ಗೆರೆ ಜಾರುತ್ತಾ ಇಳಿಯುತ್ತದೆ, ಅದರ ಅಕ್ಕಪಕ್ಕ ಕೂದಲೆಳೆಯಷ್ಟು ಸಣ್ಣ ಕವಲುಗಳು ಒಂದೊಂದೇ ಎದ್ದು ಕಾಣುತ್ತವೆ. ಇಡೀ ತರಗತಿ ಆ ಕ್ಷಣಕ್ಕೆ ಬೆಂಚು ಬಿಟ್ಟು ಎದ್ದು ಬರುತ್ತಿತ್ತು. ಕೈಗೆ ತಡೆ ಬಂದರೆ ನಿಲ್ಲಿಸಿ, ಜೋರು ಮಾಡಿದರೆ ನಾಳ ಒಡೆಯುತ್ತದೆ. ಒಂದು ರಾತ್ರಿ ತಣ್ಣಗೆ ಇಟ್ಟು, ಮರುದಿನ ಹಳೇ ಟೂತ್‌ಬ್ರಷ್‌ನಿಂದ ಕೊಬ್ಬು ತೆಗೆಯಿರಿ.

ಕುರಿಯಲ್ಲಿ ಗುಂಡಿಗೆಯ ಎರಡೂ ಕುಕ್ಷಿಗಳ (ಕೆಳಗಿನ ಕೋಣೆಗಳ) ನಡುವಿನ ತೋಡುಗಳಲ್ಲಿ ಇಳಿಯುವ ಎರಡೂ ಕವಲು ಎಡ ಕೊರೋನರಿಯಿಂದಲೇ ಬರುತ್ತವೆ. ಹೆಚ್ಚಿನ ಮನುಷ್ಯರಲ್ಲಿ ಹಿಂದಿನ ಕವಲು ಬಲ ಕೊರೋನರಿಯದು, ಹಂದಿಯಲ್ಲೂ ಬಹುತೇಕ ಹಾಗೇ. ಹೃದಯದ ಸಂಶೋಧನೆಯಲ್ಲಿ ಹಂದಿಯನ್ನು ಅಷ್ಟು ಬಳಸುವುದಕ್ಕೆ ಇದೂ ಒಂದು ಕಾರಣ.

ಉತ್ತರ: ಎಂಬಿಬಿಎಸ್ ಮುಗಿಸಿ ಈಗ ಅನಾಟಮಿ ಕಲಿಸುತ್ತಿರುವವರು

ಮೇಡಂ ಹೇಳಿದ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ಮೆಡಿಕಲ್, ನರ್ಸಿಂಗ್ ಓದುವವರಿಗೂ ಕುರಿ ಗುಂಡಿಗೆ ತುಂಬಾ ಉಪಯೋಗ. ಆದರೆ ಅಲ್ಲಿ ಕಂಡದ್ದೆಲ್ಲ ನಮ್ಮ ದೇಹದಲ್ಲೂ ಇರುತ್ತದೆ ಅಂದುಕೊಳ್ಳಬಾರದು. ಮೇಕೆ, ಕುರಿ, ದನದ ತಲೆಬುರುಡೆಯ ಒಳಗೆ, ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ಎರಡೂ ಬದಿಗೆ ಸಣ್ಣ ಸಣ್ಣ ಆರ್ಟರಿಗಳು ಹೆಣೆದುಕೊಂಡ ಒಂದು ಬಲೆ ಇದೆ, ರೀಟೆ ಮಿರಾಬಿಲೆ. ಮೆದುಳಿಗೆ ಹೋಗುವ ರಕ್ತ ಅದರ ಮೂಲಕ ಹಾಯುವಾಗ, ಮೂಗಿನ ಕಡೆಯಿಂದ ತಣ್ಣಗಾಗಿ ಬರುವ ವೇನ್ ರಕ್ತ ಸುತ್ತ ಇದ್ದು ಸ್ವಲ್ಪ ತಂಪು ಮಾಡುತ್ತದೆ. ಮನುಷ್ಯರಲ್ಲಿ ಇದು ಇಲ್ಲ. ಎರಡನೇ ಶತಮಾನದ ವೈದ್ಯ ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ, ಮನುಷ್ಯರಲ್ಲೂ ಇದೆ ಅಂತ ಬರೆದ. ಸಾವಿರ ವರ್ಷಕ್ಕೂ ಜಾಸ್ತಿ ಕಾಲ ವೈದ್ಯರು ಅದನ್ನೇ ನಂಬಿದರು. 1521ರಲ್ಲಿ ಇಟಲಿಯ ಅನಾಟಮಿ ಪಂಡಿತ ಬೆರೆಂಗಾರಿಯೊ ಎಷ್ಟು ಹುಡುಕಿದರೂ ಸಿಗಲಿಲ್ಲ ಅಂದ, 1543ರಲ್ಲಿ ಇನ್ನೊಬ್ಬ ಅನಾಟಮಿ ಪಂಡಿತ ವೆಸೇಲಿಯಸ್ ಕೂಡ ಮನುಷ್ಯರಲ್ಲಿ ಅದು ಇಲ್ಲ ಅಂತ ಬರೆದ.

ನಿಮಗಂತೂ ಇದು ಸಿಲಬಸ್ಸಿನಲ್ಲೇ ಇರುವ ವಿಷಯ. ತಲೆ ಮಾಂಸಕ್ಕೆ ಉದ್ದಕ್ಕೆ ಸೀಳಿದ ಮೇಕೆ ತಲೆ ತಂದು, ಮೆದುಳು ಮೆಲ್ಲಗೆ ಎತ್ತಿ, ಕೆಳಗಿನ ಗುಳಿಯ ಪಕ್ಕ ಗಾಢ ಕೆಂಪಿನ ಮೆತ್ತನೆ ಮುದ್ದೆಗಾಗಿ ನೋಡಿ. ಕೋಳಿಯನ್ನೂ ಬಿಡಬೇಡಿ. ನಮ್ಮ ಅಯೋರ್ಟ ಎಡಕ್ಕೆ ಬಾಗುತ್ತದೆ, ಹಕ್ಕಿಗಳಲ್ಲಿ ಬಲಕ್ಕೆ. ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ನೆನಪಿರುತ್ತವೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಗೆಳತಿಯ ಜೊತೆ ಹೋಗಿ ಗೊಂಚಲು ತಂದೆ. ಮನೆಯಲ್ಲಿ ಅಮ್ಮ ಇದನ್ನೆಲ್ಲ ಒಳಗೆ ಬಿಡುವುದಿಲ್ಲ, ಗೆಳತಿಯ ಮನೆ ಹಿತ್ತಿಲಲ್ಲಿ ಕೂತಿದ್ದೇವೆ. ಅಜೈಗಸ್ ಸಿಕ್ತು! ನಳಿಗೆ ನಿಜವಾಗಲೂ ಆ ಕಡೆ ಬಂತು. ಒಂದು ಸಂಶಯ ಅಣ್ಣ, ಶ್ವಾಸಕೋಶದ ಮೇಲೆ ನೀರು ತುಂಬಿದ ಬಿಳಿ ಗುಳ್ಳೆ ಎರಡು ಇವೆ, ಗೋಲಿಗಿಂತ ದೊಡ್ಡವು. ಲಿವರ್ ಕುಯ್ದ ಕಡೆ ದಪ್ಪ ಬಿಳಿ ಕೊಳವೆ ಇದೆ, ಅದು ಪೋರ್ಟಲ್ ವೇನಾ (ಕರುಳಿನಿಂದ ಲಿವರಿಗೆ ರಕ್ತ ತರುವ ನಾಳ)?

ಉತ್ತರ: ಪಶುವೈದ್ಯ

ಭೇಷ್! ಗುಳ್ಳೆ ಒಡೆಯಬೇಡ. ಅದು ಹೈಡಾಟಿಡ್ ಸಿಸ್ಟ್, ಅಂದರೆ ಹುಳುವಿನ ಮರಿಗಳಿರುವ ಗುಳ್ಳೆ ಇರಬಹುದು, ನಮ್ಮ ಕುರಿಗಳಲ್ಲಿ ಕಾಣುವಂಥದ್ದೇ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಾಯಿಯ ಮಲದಲ್ಲಿ ಬಂದ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ನಮಗೂ ಲಿವರ್, ಶ್ವಾಸಕೋಶದಲ್ಲಿ ಅದೇ ಗುಳ್ಳೆ. ಹಾಗಾಗಿ ಉಳಿದದ್ದನ್ನು ಹಿತ್ತಿಲ ನಾಯಿಗೆ ಯಾವ ಕಾರಣಕ್ಕೂ ಹಾಕಬೇಡ, ತಿಪ್ಪೆಗೂ ಎಸೆಯಬೇಡ. ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳು. ಆ ಭಾಗವನ್ನು ಒಂದು ಡಬ್ಬಿಯಲ್ಲಿ ನಿಮ್ಮ ಪ್ಯಾರಾಸೈಟಾಲಜಿ (ಪರಾವಲಂಬಿ ಜೀವಿಗಳ) ವಿಭಾಗಕ್ಕೆ ಒಯ್ದರೆ ಖುಷಿಯಿಂದ ತಗೋತಾರೆ.

ಲಿವರಿನ ಕೊಳವೆಯ ಗೋಡೆ ಒತ್ತಿ ನೋಡು. ಗಟ್ಟಿಯಾಗಿ, ಒಳಗೆ ಹಸಿರು ಹಳದಿ ದ್ರವ ಇದ್ದರೆ ಅದು ರಕ್ತನಾಳವೇ ಅಲ್ಲ, ಲಿವರ್ ಫ್ಲೂಕ್ ಹುಳುವಿನಿಂದ ದಪ್ಪವಾದ ಪಿತ್ತನಾಳ. ಪೋರ್ಟಲ್ ವೇನ್ ಬೇಕಿದ್ದರೆ ಕತ್ತರಿಸಿದ ಮೈಯಲ್ಲಿ ಹುಡುಕಬೇಡ, ಲಿವರಿನ ಕೆಳಮೈಯ ಬಾಗಿಲಿನಿಂದ ಶುರು ಮಾಡು. ಅಲ್ಲಿ ಅಗಲವಾದ ಮೆತ್ತನೆ ನಾಳ ಅದು, ಪಕ್ಕದಲ್ಲೇ ಸಣ್ಣ ಗಟ್ಟಿ ಆರ್ಟರಿ, ಜೊತೆಗೆ ಪಿತ್ತನಾಳ, ಮೂರೂ ಒಟ್ಟಿಗೆ ಒಳಗೆ ಹೋಗುತ್ತವೆ.

ಗ್ಲೌಸ್ ಹಾಕಿದ್ದೀಯ ತಾನೇ? ಹಸಿ ರಕ್ತದಿಂದ ಬ್ರುಸೆಲ್ಲಾದಂಥ ಕಾಯಿಲೆ ಬರಬಹುದು, ಕೈಯಲ್ಲಿ ಗಾಯ ಇದ್ದರೆ ಇವತ್ತು ಬರೀ ನೋಡು, ಗೆಳತಿ ಬಿಡಿಸಲಿ. ಹೊರಗಡೆ ಫಾರ್ಮಲಿನ್ ತರಲೇಬೇಡ, ಅದು ಕ್ಯಾನ್ಸರ್ ತರುವ ವಸ್ತು, ಗಾಳಿ ಎಳೆಯುವ ಫ್ಯಾನ್ ಇರುವ ಲ್ಯಾಬಿಗೇ ಇರಲಿ. ಇವತ್ತು ಮುಗಿಯದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ, ಊಟದ ಪದಾರ್ಥ ಇಡದ ಫ್ರಿಜ್ಜಿನಲ್ಲಿ ನಾಳೆವರೆಗೆ ಇಡಬಹುದು. ಪೋರ್ಟಲ್ ವೇನ್ ಸಿಕ್ಕ ಮೇಲೆ ಫೋಟೊ ಹಾಕು, ಹೆಸರು ಬರೆಯದೆ ಹಾಕು. ಯಾವುದು ಯಾವುದು ಅಂತ ನೀನೇ ಹೇಳು, ನಾವು ನೋಡುತ್ತೇವೆ.