‘ಹೆತ್ತವರು’ ಯಾರು? ಒಪ್ಪಿಗೆ ಪತ್ರದಲ್ಲಿ ಸಿಕ್ಕಿಕೊಂಡ ಪದ

ಗೆಳೆಯರೇ,

ಬೆಂಗಳೂರಿನ ಒಂದು ಆಸ್ಪತ್ರೆಯ ಒಪ್ಪಿಗೆ ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೇರೆಯವರಿಗಾಗಿ ಮಗು ಹೊರುವ ಹೆಂಗಸು ತನಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಕೊಡಬೇಕೆಂದು 2021ರ ಸರೊಗಸಿ ಕಾಯ್ದೆ ಹೇಳುತ್ತದೆ. ಹಾಗಾಗಿ ಇಲ್ಲಿ ಪದ ತಪ್ಪಿದರೆ ಬರೀ ವ್ಯಾಕರಣದ ತಪ್ಪಾಗಿ ಉಳಿಯುವುದಿಲ್ಲ.

ಪೇರೆಂಟ್ಸ್ ಅನ್ನುವಲ್ಲಿ ಅಭ್ಯಾಸಬಲದಿಂದ ‘ಹೆತ್ತವರು’ ಅಂತ ಬರೆದಿದ್ದೆ. ದೊಡ್ಡಮ್ಮನಿಗೆ ಓದಿ ಹೇಳಿದರೆ, “ಹೆರೋಳು ಇವಳು, ಹೆತ್ತವರು ಅವರು! ಇದ್ಯಾವ ಲೆಕ್ಕ ಕಣೇ?” ಅಂದರು. ನಿಜವೇ. ಕಾಯ್ದೆಯ ಪ್ರಕಾರ ಮಗು ಬಯಸಿ ಬಂದ ದಂಪತಿಯೇ ಅದರ ತಂದೆತಾಯಿ, ಹೆತ್ತವಳಲ್ಲ. ‘ಪೋಷಕರು’ ಅಂದರೆ ಶಾಲೆಯ ಸಭೆ ನೆನಪಾಗುತ್ತದೆ, ಧಾರವಾಡದ ಕಡೆ ಅದೇ ‘ಪಾಲಕರು’. ಎರಡರಲ್ಲೂ ಸಾಕಿದವರು ಅನ್ನುವ ಅರ್ಥವೇ ಮುಂದು, ದತ್ತು ತೆಗೆದುಕೊಂಡಂತೆ ಕೇಳಿಸುತ್ತದೆ. ಇದು ದತ್ತು ಅಲ್ಲ.

‘ತಂದೆತಾಯಿ’ ಸಾಕಲ್ಲವೇ ಅಂದುಕೊಂಡೆ. ಆದರೆ 35ರಿಂದ 45 ವಯಸ್ಸಿನ ವಿಧವೆಗೂ ವಿಚ್ಛೇದಿತೆಗೂ ಈ ದಾರಿ ಇದೆ. ಅವಳ ಪತ್ರದಲ್ಲಿ ತಂದೆಯನ್ನು ಎಲ್ಲಿಂದ ತರುವುದು?

‘ದಂಪತಿಯ ಜೈವಿಕ ಮಗು ಎಂದು ಭಾವಿಸತಕ್ಕದ್ದು’ ಎಂಬ ಕಾನೂನಿನ ಕನ್ನಡವೂ ತೊಡಕಿನದೇ. ಕೋರ್ಟಿನಲ್ಲಿ ಅದು ಗಟ್ಟಿ ಮಾತು. ಮನೆಮಾತಿನಲ್ಲಿ ಭಾವಿಸುವುದೆಂದರೆ ಅಂದುಕೊಳ್ಳುವುದು, ಅಷ್ಟೇ. ‘ಕಾನೂನಿನ ಪ್ರಕಾರ ಮಗು ಅವರದೇ’ ಎಂದು ಬಿಡಿಸಿ ಬರೆದೆ.

ಕನ್ಸೆಂಟ್‌ಗೆ ‘ಸಮ್ಮತಿ’ ಬಿಟ್ಟು ‘ತಿಳಿದು ಕೊಟ್ಟ ಒಪ್ಪಿಗೆ’ ಹಾಕಿದ್ದೇನೆ. ಮೌನವೇ ಸಮ್ಮತಿ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಅತ್ತೆ, ಗಂಡನ ಮುಂದೆ ತಲೆತಗ್ಗಿಸಿ ಕೂತವಳ ಮೌನ ಇಲ್ಲಿ ನಡೆಯಬಾರದು. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲು ಅವಳು ‘ಬೇಡ’ ಎಂದು ಹಿಂದೆ ಸರಿಯಬಹುದು. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

‘ಬಾಡಿಗೆ ತಾಯಿ’ಯ ವಿಷಯಕ್ಕೆ ನನ್ನ ತಕರಾರು ಬೇರೆ: ದುಡ್ಡಿಗಾಗಿ ಮಗು ಹೊರುವುದು ಆ ಕಾಯ್ದೆಯಡಿ ಅಪರಾಧ. ಆಸ್ಪತ್ರೆಯ ಖರ್ಚು, 36 ತಿಂಗಳ ವಿಮೆಯಂಥವು ಬಿಟ್ಟರೆ ಅವಳಿಗೆ ಹಣ ಕೊಡುವ ಹಾಗಿಲ್ಲ. ಆದರೂ ಪತ್ರಿಕೆಗಳು ‘ಬಾಡಿಗೆ’ ಎಂಬ ಪದ ಬಿಟ್ಟಿಲ್ಲ. ನಾನು ‘ಮಗು ಹೊರುವ ತಾಯಿ’ ಎಂದು ಬರೆದಿದ್ದೇನೆ. ಉದ್ದವಾಯಿತು ಅನ್ನುವವರು ಚಿಕ್ಕದು ಹೇಳಿ.

ಮುಖ್ಯ ಪ್ರಶ್ನೆ ಇದು: ಒಬ್ಬರೇ ಇದ್ದರೂ ಹೊಂದುವ, ಹೆರಿಗೆಯ ನೆರಳಿಲ್ಲದ, ಸಾಕಿದವರು ಎಂದೂ ಆಗದ ಪದ ನಿಮ್ಮ ಊರ ಕಡೆ ಬಳಕೆಯಲ್ಲಿದೆಯೇ?